ಮೊದಲು ಯಾರ ಮಕ್ಕಳು?

ಊರಿನಿಂದ ನೆಂಟರು ಬಂದರೆ ಅವರನ್ನು ಬುಧವಾರ ಪೇಠೆಯ ದಗಡೂಶೇಠ ಗಣಪತಿಯ ದರ್ಶನಕ್ಕೆ ಕರೆದೊಯ್ಯುವುದು ನಾವು ಪುಣೆಯ ಕನ್ನಡಿಗರ ವಾಡಿಕೆ. ಆ ದೇವಸ್ಥಾನದ ಎದುರಿಗೇ ಭಿಡೆ ವಾಡೆ ಎಂಬ ಹಳೆಯ ಕಟ್ಟಡವೊಂದು ಕುಸಿಯುತ್ತ ನಿಂತಿದ್ದುದನ್ನು ನಮ್ಮಲ್ಲಿ ಬಹುಮಂದಿ ವರ್ಷಗಟ್ಟಲೆ ಗಮನಿಸಿರಲೇ ಇಲ್ಲ. 1848ರಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಬಹುಕಾಲ ನಡೆದ ವ್ಯಾಜ್ಯ ಮುಗಿದು, 2023ರ ಡಿಸೆಂಬರಿನಲ್ಲಿ, ಸ್ಮಾರಕ ಕಟ್ಟುವ ಸಲುವಾಗಿ ಅದನ್ನು ಕೆಡವಲಾಯಿತು.

ಶಾಲೆಗೆ ನಡೆದು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ಸಗಣಿ ಎರಚಿದ ಕಥೆ ಎಲ್ಲರೂ ಬಲ್ಲದ್ದು, ಮತ್ತೆ ಹೇಳುವುದಿಲ್ಲ. ಸಗಣಿ ಎರಚುವವರ ಕಾಲ ಹೇಗೋ ಕಳೆಯಿತು. ಅವರಿಗಿಂತ ಸಭ್ಯವಾದ, ಅವರಿಗಿಂತ ದೀರ್ಘಾಯುಷಿಯಾದ ಇನ್ನೊಂದು ಅಡ್ಡಿ ಉಳಿದುಕೊಂಡಿತು: ಹಣವಿಲ್ಲ ಎಂಬ ಉತ್ತರ. ಕಡತಗಳ ನಡುವೆಯೇ ಬದುಕು ಸವೆಸುತ್ತಿರುವ ನಮಗೆ ಈ ಉತ್ತರದ ಭಾಷೆ ಚೆನ್ನಾಗಿ ಗೊತ್ತು. ‘ಹಣದ ಲಭ್ಯತೆಗೆ ಒಳಪಟ್ಟು’ ಎಂದು ನಾವೇ ಎಷ್ಟು ಟಿಪ್ಪಣಿಗಳಲ್ಲಿ ಬರೆದಿಲ್ಲ! ಆ ಮಾತಿನಲ್ಲಿ ದ್ವೇಷವಿರುವುದಿಲ್ಲ. ಆದರೆ ಯಾರನ್ನು ಕಾಯಿಸಬೇಕೆಂಬ ತೀರ್ಮಾನ ಮಾತ್ರ ಅದರೊಳಗೆ ಆಗಿಹೋಗಿರುತ್ತದೆ.

ಈ ಉತ್ತರವನ್ನು ಮೊಟ್ಟಮೊದಲು ಲೆಕ್ಕದ ಮೂಲಕವೇ ಎದುರಿಸಿದವರಲ್ಲಿ ಫುಲೆ ಒಬ್ಬರು. 1882ರ ಅಕ್ಟೋಬರಿನಲ್ಲಿ ಅವರು ಹಂಟರ್ ಶಿಕ್ಷಣ ಆಯೋಗಕ್ಕೆ ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಸಲ್ಲಿಸಿದರು. (ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಮೆಕಾಲೆಯ ಟಿಪ್ಪಣಿ ಪಾಠವಾಗಿತ್ತು. ಈ ಹೇಳಿಕೆಯ ಹೆಸರನ್ನು ಯಾರೂ ಎತ್ತಲಿಲ್ಲ.) ಅವರ ವಾದ ಸರಳ. ಬೊಕ್ಕಸಕ್ಕೆ ಹಣ ಬರುವುದು ರೈತನ ಬೆವರಿನಿಂದ. ಅದು ಖರ್ಚಾಗುವುದು ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ. ಮೇಲಿನವರಿಗೆ ಕಲಿಸಿದರೆ ವಿದ್ಯೆ ತಾನಾಗಿ ಕೆಳಗಿಳಿಯುತ್ತದೆ ಎಂಬ ಸರ್ಕಾರದ ನಂಬಿಕೆಯನ್ನು ಅವರು ಕಿಂಚಿತ್ತೂ ಒಪ್ಪಲಿಲ್ಲ. ಕನಿಷ್ಠ ಹನ್ನೆರಡು ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಕೇಳಿದರು.

ಅಲ್ಲಿಗೇ ನಿಲ್ಲದೆ ಹಳ್ಳಿಯ ಶಾಲೆಯ ಒಳಗನ್ನೂ ಅವರು ವಿವರಿಸುತ್ತಾರೆ. ಓದು, ಬರಹ, ಲೆಕ್ಕದ ಜೊತೆಗೆ ಬೇಸಾಯದ ಮೊದಲ ಪಾಠಗಳು, ನೈರ್ಮಲ್ಯದ ತಿಳಿವಳಿಕೆ ಇರಬೇಕು. ಮೇಷ್ಟರ ಸಂಬಳ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಇರಬಾರದು. ಮೇಷ್ಟರು ನೇಗಿಲ ಮೇಳಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚದವರಾಗಿರಬೇಕು. ಮೂರು ದಶಕಕ್ಕೂ ಮಿಕ್ಕಿ ಶಾಲೆಗಳ ಒಡನಾಟವಿದ್ದ, ನಗರಸಭೆಯ ಸದಸ್ಯರೂ ಆಗಿದ್ದ ಮನುಷ್ಯನಿಗೆ ಮಾತ್ರ ಇಂಥ ವಿವರಗಳು ಹೊಳೆಯುತ್ತವೆ. ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅವರ ಬಳಿ ಪುರಾವೆಯೂ ಇತ್ತು. ಅವರ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಬಾಲಕಿ ಮುಕ್ತಾ ಸಾಳ್ವೆ 1855ರಲ್ಲಿಯೇ ಮಾಂಗ ಮತ್ತು ಮಹಾರ ಜನರ ದುಃಖವನ್ನು ಕುರಿತು ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಬಂಧ ಬರೆದಿದ್ದಳು.

ಕಡ್ಡಾಯ ಶಿಕ್ಷಣದ ಮಾತು ಶಾಸನಸಭೆಗೆ ತಲುಪಲು ಮತ್ತೆ ಮೂರು ದಶಕ ಹಿಡಿಯಿತು. ಪುಣೆಯವರೇ ಆದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಇಂಪೀರಿಯಲ್ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಆ ಮಸೂದೆಯಲ್ಲಿಯೂ ಮೊದಲ ಸರದಿ ಗಂಡುಮಕ್ಕಳದೇ. ಬಡೋದೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿ ಕಡ್ಡಾಯ ಶಿಕ್ಷಣ ಜಾರಿಗೆ ತಂದಿದ್ದರೆಂಬುದನ್ನು ನೆನೆದರೆ, ಇದು ಆಗದ ಕೆಲಸವೆಂದು ಹೇಳುವಂತಿರಲಿಲ್ಲ.

ಇಲ್ಲಿ ನಮ್ಮ ಕಡೆಯವರೊಬ್ಬರು ಕಥೆಯೊಳಗೆ ಬರುತ್ತಾರೆ. ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು 1873ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಬೆಳೆದ ಊರಿನ ಮಾತು ಕನ್ನಡ. ಮುಂದೆ ಈ ಎರಡು ಭಾಷೆಗಳ ನಂಟನ್ನು ಕುರಿತು ಅವರು ಬರೆದದ್ದೂ ಉಂಟು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿಬಂದು, 1905ರಲ್ಲಿ ಪುಣೆಯ ಅಸ್ಪೃಶ್ಯರ ಮಕ್ಕಳಿಗೆ ರಾತ್ರಿಶಾಲೆ ತೆರೆದರು. ಮರುವರ್ಷ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಹುಬ್ಬಳ್ಳಿಯಲ್ಲೂ ಅದರ ಶಾಖೆಯಿತ್ತು. ತಂಗಿ ಜನಾಬಾಯಿ ಈ ಕೆಲಸದಲ್ಲಿ ಅಣ್ಣನ ಜೊತೆಗಿದ್ದರು. ಪುಣೆಯ ನಾನಾ ಪೇಠೆಯ ಅಹಲ್ಯಾಶ್ರಮ ಆ ಮಿಷನ್ನಿನದೇ. ನಮ್ಮ ಸಭೆ ಸಮಾರಂಭಗಳಲ್ಲಿ ಪುಣೆ-ಕರ್ನಾಟಕದ ಬಾಂಧವ್ಯವೆಂದರೆ ಭೀಮಸೇನ ಜೋಶಿಯವರ ಹೆಸರು ತಪ್ಪದೆ ಬರುತ್ತದೆ, ಬರಲೇಬೇಕು. ಶಿಂದೆಯವರ ಹೆಸರು ಬರುವುದು ಮಾತ್ರ ಬಹಳ ಅಪರೂಪ.

1918ರ ಮುಂಬಯಿ ಕಾಯಿದೆ ಕಡ್ಡಾಯ ಶಿಕ್ಷಣ ತರುವ ಅಧಿಕಾರವನ್ನು ನಗರಸಭೆಗಳಿಗೆ ಕೊಟ್ಟಿತು. 1920ರಲ್ಲಿ ಪುಣೆಯಲ್ಲಿ ಚರ್ಚೆ ಕಾವೇರಿತು. ಹಣ ಸಾಲದು, ಆದ್ದರಿಂದ ಸದ್ಯಕ್ಕೆ ಗಂಡುಮಕ್ಕಳಿಗೆ ಸಾಕು ಎಂಬುದು ತಿಲಕರ ಬಳಗದ ನಿಲುವು. ಹುಡುಗ ಹುಡುಗಿಯರಿಬ್ಬರಿಗೂ ಒಟ್ಟಿಗೇ ಆಗಬೇಕೆಂದು ಪಟ್ಟು ಹಿಡಿದವರಲ್ಲಿ ಶಿಂದೆ ಮುಂದಿದ್ದರು. ರಮಾಬಾಯಿ ರಾನಡೆಯವರೂ ಇದ್ದರು. ಪುಣೆಯ ಹೆಂಗಸರು ಮೆರವಣಿಗೆ ಹೊರಟರು. ತಿಲಕರ ದೇಶಪ್ರೇಮವನ್ನು ಶಂಕಿಸುವ ಅಗತ್ಯ ನಮಗಿಲ್ಲ. ಆದರೂ ಸ್ವರಾಜ್ಯಕ್ಕಾಗಿ ಒಂದು ದಿನವನ್ನೂ ಕಾಯಲೊಪ್ಪದವರು ಹೆಣ್ಣುಮಕ್ಕಳ ಅಕ್ಷರವನ್ನು ಮುಂದಕ್ಕೆ ಹಾಕಬಹುದೆಂದು ಎಣಿಸಿದ್ದು ಈಗಲೂ ನಮ್ಮನ್ನು ಕಾಡುತ್ತದೆ.

ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದೂ ಅದರಲ್ಲಿದೆ. ಡೋರ್ ಸ್ಟೆಪ್ ಸ್ಕೂಲಿನಂಥ ಸಂಸ್ಥೆ 1993ರಿಂದ ಪುಣೆಯಲ್ಲಿ ದುಡಿಯುತ್ತಿದೆ. ಕಟ್ಟಡ ಕಾರ್ಮಿಕರ ಮಕ್ಕಳಿರುವಲ್ಲಿಗೇ ಅದು ಪಾಠವನ್ನು ಒಯ್ಯುತ್ತದೆ.

ಕಳೆದ ಬೇಸಗೆಯಲ್ಲಿ ಹಿಂಜವಡಿಯತ್ತ ಹೋಗಿದ್ದಾಗ, ಏಳುತ್ತಿದ್ದ ಕಟ್ಟಡವೊಂದರ ತಗಡಿನ ಗುಡಿಸಲುಗಳ ಬಳಿ ಕನ್ನಡ ಕಿವಿಗೆ ಬಿತ್ತು. ಎಂಟೊಂಬತ್ತು ವರ್ಷದ ಹುಡುಗಿ, ಕಂಕುಳಲ್ಲಿ ತಮ್ಮ. ಯಾವೂರವ್ವ ಎಂದೆವು.

“ಶಹಾಪುರ ರೀ.”

“ಸಾಲಿಗೆ ಹೋಗ್ತೀ?”

“ಊರಾಗ ಹೋಗ್ತಿದ್ನಿರಿ. ಎರಡನೇತ್ತ. ಇಲ್ಲಿ ಮರಾಠಿ ಅದರಿ.”

ದೀಪಾವಳಿಯ ಹೊತ್ತಿಗೆ ಅಲ್ಲಿನ ಕೆಲಸ ಮುಗಿಯುತ್ತದೆಂದು ಅವಳ ತಾಯಿ ಹೇಳಿದರು. ಮುಂದೆ ಎಲ್ಲಿಗೆ ಎಂದು ಕೇಳಿದೆವು. ಮೇಸ್ತ್ರಿಗೆ ಗೊತ್ತು ಎಂದರು.