ಫಾರ್ಮುಲಾ ಒನ್ ನೋಡೋರು ಎಷ್ಟು ಕೋಟಿ? ಆ ಲೆಕ್ಕ ಬರೆಯೋರು ಯಾರು?

2012ರ ಏಪ್ರಿಲ್ 21, ಶನಿವಾರ ಸಂಜೆ. ನಾನಾಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ. ಹಾಸ್ಟೆಲಿನ ಟಿವಿ ರೂಮಿನಲ್ಲಿ ಐಪಿಎಲ್ ಗುಂಪಿನ ಕೈಯಿಂದ ರಿಮೋಟ್ ಕಿತ್ತುಕೊಂಡು ನಾವು ನಾಲ್ಕೈದು ಜನ ಬಹ್ರೇನ್ ಗ್ರ್ಯಾನ್ ಪ್ರಿ ಕ್ವಾಲಿಫೈಯಿಂಗ್ ಹಾಕಿಸಿದ್ದೆವು. ನಮಗೆ ಬೇಕಿದ್ದದ್ದು ಫೋರ್ಸ್ ಇಂಡಿಯಾ. ಮಾಲೀಕರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ, ಕಾರಿನ ಮೇಲೆ ತ್ರಿವರ್ಣದ ಪಟ್ಟಿ. ಆ ವಯಸ್ಸಿಗೆ ಅಷ್ಟು ಸಾಕಿತ್ತು.

ಆದರೆ ಆವತ್ತು ಫೋರ್ಸ್ ಇಂಡಿಯಾ ಕಾರು ತೆರೆ ಮೇಲೆ ಕಾಣಿಸಲೇ ಇಲ್ಲ ಅನ್ನಬಹುದು. ಪಾಲ್ ಡಿ ರೆಸ್ಟಾ ಕೊನೆಯ ಹತ್ತರೊಳಗೆ ಬಂದರೂ ಕ್ಯಾಮೆರಾ ಅವರ ಕಡೆ ತಿರುಗಲಿಲ್ಲ. ಕೇಬಲ್ ಸರಿಯಿಲ್ಲ ಅಂತ ಒಬ್ಬ ಬೈದ. ಕೇಬಲ್ ಸರಿಯಾಗೇ ಇತ್ತು. ಕಾರಣ ಆಮೇಲೆ ಓದಿ ತಿಳಿಯಿತು. ಬಹ್ರೇನಿನಲ್ಲಿ ಆಗ ರಾಜಪ್ರಭುತ್ವದ ವಿರುದ್ಧ ಪ್ರತಿಭಟನೆ ನಡೆಯುತ್ತಿತ್ತು. ಆ ವಾರ ಫೋರ್ಸ್ ಇಂಡಿಯಾ ಸಿಬ್ಬಂದಿಯಿದ್ದ ಕಾರು ಪೆಟ್ರೋಲ್ ಬಾಂಬ್ ಗಲಾಟೆಯ ನಡುವೆ ಸಿಕ್ಕಿಹಾಕಿಕೊಂಡಿತ್ತು. ಕತ್ತಲಾಗುವ ಮುಂಚೆ ಹೋಟೆಲ್ ಸೇರಬೇಕು ಅಂತ ತಂಡ ಶುಕ್ರವಾರದ ಎರಡನೇ ಅಭ್ಯಾಸ ಬಿಟ್ಟಿತ್ತು. ಮಾರನೇ ದಿನ ಆ ತಂಡ ತೆರೆಯಿಂದಲೇ ಮಾಯ! ಇದು ಶಿಕ್ಷೆಯೇ ಅಂತ ಆಗಲೇ ಪತ್ರಿಕೆಗಳು ಕೇಳಿದವು. ಅದೇ ಶನಿವಾರ ಪ್ರತಿಭಟನಕಾರನೊಬ್ಬನ ಶವ ಸಿಕ್ಕಿತ್ತು. ಭಾನುವಾರ ರೇಸ್ ನಡೆಯಿತು, ಡಿ ರೆಸ್ಟಾ 6ನೇ ಸ್ಥಾನ ಪಡೆದರು.

ಉದ್ದೇಶ ಏನಿತ್ತೋ, ನನಗೆ ಆವತ್ತು ಒಂದು ವಿಷಯ ಸ್ಪಷ್ಟವಾಯಿತು. ಟಿವಿ ಈ ಆಟವನ್ನು ಬರೀ ತೋರಿಸುವುದಿಲ್ಲ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ತೀರ್ಮಾನಿಸುವುದೂ ಅದೇ. ಆ ಟಿವಿ ಯಾರದು, ದುಡ್ಡು ಎಲ್ಲಿಂದ ಬರುತ್ತೆ, 'ಕೋಟ್ಯಂತರ ವೀಕ್ಷಕರು' ಅನ್ನೋ ಲೆಕ್ಕ ಹೇಗೆ ಹುಟ್ಟುತ್ತೆ ಅನ್ನೋದನ್ನು ಒಂದೊಂದಾಗಿ ನೋಡೋಣ. ರೇಸ್ ಇಷ್ಟ ಇಲ್ಲದವರೂ ಓದಿ. ಕ್ರಿಕೆಟ್ಟಿನ ಕತೆಯೂ ಇದಕ್ಕಿಂತ ಬಹಳ ಬೇರೆ ಏನಲ್ಲ.

ಹಕ್ಕು ಯಾರ ಕೈಯಲ್ಲಿದೆ?

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಮುಂದಿನ ಸುಮಾರು ಮೂರು ದಶಕ ಟಿವಿ ಪ್ರಸಾರಕ್ಕೆ ಒಂದು ಕ್ರಮ ಅಂತಲೇ ಇರಲಿಲ್ಲ. ಬೇಕಾದವರು ಬೇಕಾದ ರೇಸ್ ತೋರಿಸುತ್ತಿದ್ದರು, ಬೇಡದಿದ್ದರೆ ಬಿಡುತ್ತಿದ್ದರು. 1976ರಲ್ಲಿ ಸರ್ಟೀಸ್ ತಂಡದ ಕಾರಿನ ಮೇಲೆ ಡ್ಯೂರೆಕ್ಸ್ ಕಾಂಡೋಮ್ ಜಾಹೀರಾತು ಕಂಡಾಗ ಬಿಬಿಸಿ ಬ್ರಾಂಡ್ಸ್ ಹ್ಯಾಚ್‌ನ ಒಂದು ರೇಸಿನಿಂದ ಕ್ಯಾಮೆರಾ ಎತ್ತಿಕೊಂಡೇ ಹೋಯಿತು. 1978ರಲ್ಲಿ ಬಿಬಿಸಿಯ 'ಗ್ರ್ಯಾನ್ ಪ್ರಿ' ಕಾರ್ಯಕ್ರಮ ಬಂದ ಮೇಲೆ ಬ್ರಿಟನ್ನಿನಲ್ಲಿ ನಿಯಮಿತ ಪ್ರಸಾರ ನೆಲೆಯೂರಿತು.

ಇದರಲ್ಲಿ ದುಡ್ಡಿದೆ ಅಂತ ಮೊದಲು ವಾಸನೆ ಹಿಡಿದವರು ಬರ್ನಿ ಎಕ್ಲೆಸ್ಟನ್. ಸೆಕೆಂಡ್ ಹ್ಯಾಂಡ್ ಕಾರು, ಬೈಕು ಮಾರುತ್ತಿದ್ದವರು, ಬ್ರಾಭಮ್ ತಂಡದ ಮಾಲೀಕರು. ತಂಡಗಳ ಸಂಘದ ಪರವಾಗಿ ಅವರು ಆಡಳಿತ ಸಂಸ್ಥೆಯ ಜೊತೆ ಜಗಳಕ್ಕೆ ನಿಂತರು. ಜಗಳ ಮುಗಿದದ್ದು 1981ರ 'ಕಾಂಕಾರ್ಡ್ ಒಪ್ಪಂದ'ದಲ್ಲಿ. ಟಿವಿ ಹಕ್ಕು ಮಾರುವ ಅಧಿಕಾರ ತಂಡಗಳ ಸಂಘಕ್ಕೆ ಬಂತು. 1990ರ ದಶಕದ ಹೊತ್ತಿಗೆ ಅದು ಎಕ್ಲೆಸ್ಟನ್ ಅವರ ಸ್ವಂತ ಕಂಪನಿಗಳ ಕೈ ಸೇರಿತ್ತು.

ಇದು ಏಕಸ್ವಾಮ್ಯ ಅಂತ ಯುರೋಪಿಯನ್ ಕಮಿಷನ್ ತಕರಾರು ತೆಗೆಯಿತು. ಮೋಟಾರ್ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ವ್ಯಾಪಾರದಿಂದ ದೂರ ಸರಿಯಬೇಕು ಅಂತಾಯಿತು. ಎಫ್‌ಐಎ ಮಾಡಿದ್ದೇನು ಗೊತ್ತಾ? ವಾಣಿಜ್ಯ ಹಕ್ಕನ್ನು ಎಕ್ಲೆಸ್ಟನ್ ಕಟ್ಟಿದ ಕಂಪನಿಗೇ 100 ವರ್ಷಕ್ಕೆ ಬರೆದುಕೊಟ್ಟಿತು. 2011ರಿಂದ 2110ರವರೆಗೆ! ಬೆಲೆ 30 ಕೋಟಿ ಡಾಲರ್ ಚಿಲ್ಲರೆ. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಇಡೀ ವ್ಯವಹಾರ ಕೊಂಡಾಗ ಅದಕ್ಕೆ ಕಟ್ಟಿದ ಮೌಲ್ಯ, ಸಾಲವೂ ಸೇರಿ, 800 ಕೋಟಿ ಡಾಲರ್. ಇವತ್ತು ಎಫ್1ನ ಮುಖ್ಯ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಸಾರ ಹಕ್ಕಿನಿಂದಲೇ ಬರುತ್ತೆ.

ಚಿತ್ರ ತೆಗೆಯೋದು ಯಾರು?

ಮೊದಲೆಲ್ಲ ಆಯಾ ದೇಶದ ಚಾನೆಲ್ ತನ್ನ ನೆಲದ ರೇಸನ್ನು ತಾನೇ ಚಿತ್ರೀಕರಿಸುತ್ತಿತ್ತು. ನಿರ್ದೇಶಕರಿಗೆ ತಮ್ಮೂರ ಚಾಲಕನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಇರೋದು ಸಹಜ. ಈಗ ಜಗತ್ತಿನ ಎಲ್ಲ ಚಾನೆಲ್ಲುಗಳಿಗೂ ಹೋಗೋದು ಒಂದೇ ಚಿತ್ರ, 'ವರ್ಲ್ಡ್ ಫೀಡ್'. ತಯಾರಿಸೋದು ಎಫ್1 ಕಂಪನಿ. 2020ರ ನಂತರ ಅದರ ದೊಡ್ಡ ಭಾಗ ಟ್ರ್ಯಾಕಿನಲ್ಲಲ್ಲ, ಇಂಗ್ಲೆಂಡಿನ ಬಿಗಿನ್ ಹಿಲ್‌ನಲ್ಲಿ ಕೂತು ತಯಾರಾಗುತ್ತೆ. ಚಾನೆಲ್‌ಗಳು ಅದಕ್ಕೆ ಕಾಮೆಂಟರಿ, ಸ್ಟುಡಿಯೊ ಚರ್ಚೆ ಜೋಡಿಸುತ್ತವೆ ಅಷ್ಟೆ.

ಸ್ಥಳೀಯ ಪ್ರಸಾರಕ್ಕೆ ಕೊನೇವರೆಗೆ ಉಳಿದಿದ್ದದ್ದು ಮೊನಾಕೊ. 2021ರಲ್ಲಿ ಅಲ್ಲಿ ವೆಟ್ಟೆಲ್ ಪಿಟ್‌ನಿಂದ ಹೊರಬಂದು ಗ್ಯಾಸ್ಲಿ ಜೊತೆ ಏರುದಾರಿಯಲ್ಲಿ ಅಕ್ಕಪಕ್ಕ ನುಗ್ಗುತ್ತಿದ್ದಾಗ, ಸರಿಯಾಗಿ ಆ ಕ್ಷಣಕ್ಕೆ ನಿರ್ದೇಶಕರು ಇನ್ನೆಲ್ಲೋ ಕರ್ಬ್ ಮುಟ್ಟಿದ ಸ್ಟ್ರೋಲ್ ಕಾರನ್ನು ತೋರಿಸಿದರು. ಅದಿನ್ನೂ ಅಭಿಮಾನಿಗಳ ನಡುವೆ ಜೋಕು. 2023ರಿಂದ ಮೊನಾಕೊ ಕೂಡ ಎಫ್1 ಕೈಗೆ ಬಂತು. ಗುಣಮಟ್ಟ ಏರಿದೆ, ಒಪ್ಪೋಣ. ಆದರೆ ಬಹ್ರೇನ್ ನೆನಪಿಟ್ಟುಕೊಳ್ಳಿ. ಚಿತ್ರದ ಮೂಲ ಒಂದೇ ಆದಾಗ, ತೋರಿಸದೇ ಬಿಟ್ಟದ್ದನ್ನು ಬೇರೆ ಚಾನೆಲ್ ಹಾಕಿ ನೋಡೋಕೆ ಆಗಲ್ಲ.

ಸಿಗರೇಟು ಕಂಪನಿಗಳು ಬಂದದ್ದು ಯಾಕೆ?

ಬ್ರಿಟನ್ನಿನಲ್ಲಿ 1965ರಲ್ಲೇ ಟಿವಿಯಲ್ಲಿ ಸಿಗರೇಟು ಜಾಹೀರಾತು ನಿಂತಿತ್ತು. ಆದರೆ ರೇಸ್ ಕಾರಿನ ಮೈಮೇಲೆ ಬ್ರ್ಯಾಂಡ್ ಬಳಿದರೆ ಅದು 'ಕ್ರೀಡೆ'! ಎರಡು ಗಂಟೆ, ಮನೆ ಮನೆಯಲ್ಲೂ. 1968ರಲ್ಲಿ ಲೋಟಸ್ ತಂಡ ಗೋಲ್ಡ್ ಲೀಫ್ ಬಣ್ಣ ಬಳಿದುಕೊಂಡಿತು, ಆಮೇಲೆ ಮಾರ್ಲ್‌ಬೊರೊ ಮುಂತಾದವು ದಶಕಗಟ್ಟಲೆ ಈ ಆಟವನ್ನು ಸಾಕಿದವು. 1997ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ತಂಬಾಕು ಜಾಹೀರಾತು ನಿಷೇಧದಿಂದ ಎಫ್1ಗೆ ವಿನಾಯಿತಿ ಕೊಡಲು ಹೊರಟಿತು. ಅಷ್ಟರಲ್ಲಿ, ಎಕ್ಲೆಸ್ಟನ್ ಅದೇ ವರ್ಷ ಪಕ್ಷಕ್ಕೆ 10 ಲಕ್ಷ ಪೌಂಡ್ ದೇಣಿಗೆ ಕೊಟ್ಟಿದ್ದ ಸುದ್ದಿ ಹೊರಬಂತು. ಪಕ್ಷ ಹಣ ವಾಪಸ್ ಕೊಟ್ಟಿತು. ಟೋನಿ ಬ್ಲೇರ್ ಟಿವಿಯಲ್ಲಿ ಕೂತು ತಾನು ನೇರ ಮನುಷ್ಯ ಅಂತ ಸಮಜಾಯಿಷಿ ಕೊಡಬೇಕಾಯಿತು. ಚುನಾವಣಾ ದೇಣಿಗೆ, ನೀತಿ ಬದಲಾವಣೆ… ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಉಚಿತ ಟಿವಿಯಿಂದ ಕಾಸಿನ ಗೋಡೆಯ ಹಿಂದಕ್ಕೆ

ಬ್ರಿಟನ್ನಿನ ದಾರಿ ನೋಡಿ. 1996ರವರೆಗೆ ಬಿಬಿಸಿ, 1997ರಿಂದ 2008ರವರೆಗೆ ಐಟಿವಿ. ಎರಡೂ ಎಲ್ಲರ ಮನೆಗೆ ಬರುತ್ತಿದ್ದ ಚಾನೆಲ್‌ಗಳು. ಐಟಿವಿಯಲ್ಲಿ ಜಾಹೀರಾತಿನ ಕಾಟ ಇತ್ತು. 2005ರ ಸಾನ್ ಮರಿನೊ ರೇಸಿನ ಕೊನೆಯಲ್ಲಿ, ಅಲೊನ್ಸೊ ಬೆನ್ನಿಗೆ ಶುಮಾಕರ್ ಅಂಟಿಕೊಂಡಿದ್ದ ಲ್ಯಾಪುಗಳಲ್ಲೇ ಬ್ರೇಕ್ ಹಾಕಿ ಛೀಮಾರಿ ಹಾಕಿಸಿಕೊಂಡಿತು. 2009ರಲ್ಲಿ ಬಿಬಿಸಿಗೆ ವಾಪಸ್. 2012ರಲ್ಲಿ ಖರ್ಚು ತಾಳಲಾರದೆ ಬಿಬಿಸಿ ಅರ್ಧ ಹಕ್ಕು ಬಿಟ್ಟಿತು, ಹಣ ಕೊಟ್ಟು ನೋಡುವ ಸ್ಕೈ ಒಳಗೆ ಬಂತು. 2019ರಿಂದ ಬ್ರಿಟಿಷ್ ಗ್ರ್ಯಾನ್ ಪ್ರಿ ಒಂದನ್ನು ಬಿಟ್ಟು ಲೈವ್ ಎಲ್ಲ ಸ್ಕೈನಲ್ಲೇ. ಚಾನೆಲ್ 4ಗೆ ಉಳಿದದ್ದು ಮುಖ್ಯಾಂಶ.

ಫ್ರಾನ್ಸಿನಲ್ಲಿ 2013ರಲ್ಲಿ ಟಿಎಫ್1ನಿಂದ ಕನಾಲ್ ಪ್ಲಸ್‌ಗೆ ಹೋಯಿತು. ಶುಮಾಕರ್ ಕಾಲದ ಜರ್ಮನಿಯನ್ನು ಸೋಫಾಕ್ಕೆ ಕಟ್ಟಿಹಾಕಿದ್ದ ಆರ್‌ಟಿಎಲ್ 2020ರ ನಂತರ ಸ್ಕೈಗೆ ಜಾಗ ಬಿಟ್ಟಿತು. ಎಲ್ಲ ಕಡೆ ಲೆಕ್ಕ ಒಂದೇ. ನೋಡುವವರು ಕಮ್ಮಿ, ತಲೆಗೆ ಸಿಗುವ ದುಡ್ಡು ಜಾಸ್ತಿ. 2014ರಲ್ಲಿ ಎಕ್ಲೆಸ್ಟನ್ ಮುಚ್ಚುಮರೆ ಇಲ್ಲದೆ ಹೇಳಿದ್ದರು: ಹುಡುಗರಿಗಿಂತ ಕೈಯಲ್ಲಿ ಕಾಸಿರುವ 70 ವರ್ಷದವರೇ ತನಗೆ ಬೇಕು ಅಂತ. ರೋಲೆಕ್ಸ್ ವಾಚು ಕೊಳ್ಳೋದು ಅವರು ತಾನೇ.

ಬ್ರಿಟನ್ನಿನಲ್ಲಿ ಕೆಲವು ಪಂದ್ಯಗಳು ಎಲ್ಲರಿಗೂ ಉಚಿತವಾಗಿ ಸಿಗುವಂತಿರಬೇಕು ಅನ್ನುವ ಕಾನೂನಿನ ಪಟ್ಟಿ ಇದೆ. ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ಕುದುರೆ ರೇಸಿನ ಡರ್ಬಿ ಕೂಡ ಅದರಲ್ಲಿವೆ. ಎಫ್1 ಇಲ್ಲ. 2021ರ ಅಬುಧಾಬಿ ಫೈನಲ್‌ಗೆ ಹ್ಯಾಮಿಲ್ಟನ್, ವರ್ಸ್ಟಾಪನ್ ಸಮ ಅಂಕದಲ್ಲಿ ಬಂದಾಗ ಸ್ಕೈ ಆ ಒಂದು ರೇಸನ್ನು ಚಾನೆಲ್ 4 ಜೊತೆ ಹಂಚಿಕೊಂಡಿತು. ನೋಡಿದವರಲ್ಲಿ ದೊಡ್ಡ ಪಾಲು ಉಚಿತ ಚಾನೆಲ್ಲಿನದು. ಜನಕ್ಕೆ ಆಸಕ್ತಿ ಇಲ್ಲ ಅನ್ನೋದು ಸುಳ್ಳು. ಬಾಗಿಲು ಹಾಕಿತ್ತು, ಅಷ್ಟೇ.

ಕೋಟಿಗಳ ಗಣಿತ

ಈಗ ನನ್ನ ಇಷ್ಟದ ಭಾಗ. ವೀಕ್ಷಕರ ಸಂಖ್ಯೆ ಅಂತ ಸುದ್ದಿಯಲ್ಲಿ ಬರುವುದು ಮೂರು ಬೇರೆ ಬೇರೆ ಲೆಕ್ಕ.

ಒಂದು, 'ಯೂನಿಕ್' ವೀಕ್ಷಕರು. ವರ್ಷದಲ್ಲಿ ಯಾವಾಗಾದರೂ ನಿಗದಿತ ಕೆಲವು ನಿಮಿಷ ನೋಡಿದವರು. ಇಡೀ ಸೀಸನ್ ನೋಡಿದ ನೀವೂ ಒಂದು, ಚಾನೆಲ್ ತಿರುಗಿಸುತ್ತಾ ಸ್ವಲ್ಪ ಹೊತ್ತು ನಿಂತ ನಿಮ್ಮ ಅಜ್ಜಿಯೂ ಒಂದು. ಎರಡು, ಒಟ್ಟು ಅಥವಾ 'ಕ್ಯುಮುಲೇಟಿವ್'. ಎಲ್ಲ ರೇಸುಗಳ ವೀಕ್ಷಕರನ್ನು ಕೂಡಿಸಿದ್ದು. ನೀವು ಹತ್ತು ರೇಸ್ ನೋಡಿದರೆ ಹತ್ತು ಸಲ ಎಣಿಕೆ. ಮೂರು, ಒಂದು ರೇಸಿನ ಸರಾಸರಿ.

2020ರಲ್ಲಿ ಕೋವಿಡ್ ಕಾರಣ 17 ರೇಸ್ ನಡೆದವು. ಎಫ್1 ಕೊಟ್ಟ ಒಟ್ಟು ಸಂಖ್ಯೆ ಸುಮಾರು 150 ಕೋಟಿ. 2021ರಲ್ಲಿ 22 ರೇಸ್, ಒಟ್ಟು 155 ಕೋಟಿ. 'ಏರಿಕೆ' ಅಂತ ಸುದ್ದಿಯಾಯಿತು. ಭಾಗಿಸಿ ನೋಡಿ. 2020ರಲ್ಲಿ ರೇಸಿಗೆ ಸುಮಾರು 8.8 ಕೋಟಿ, 2021ರಲ್ಲಿ ಸುಮಾರು 7 ಕೋಟಿ. ಇತಿಹಾಸದ ಅತಿ ರೋಚಕ ಸೀಸನ್ನುಗಳಲ್ಲಿ ಒಂದರಲ್ಲಿ ಸರಾಸರಿ ಇಳಿದಿತ್ತು! ರೇಸ್ ಹೆಚ್ಚಿದ್ದಕ್ಕೆ ಒಟ್ಟು ಏರಿತು, ಅಷ್ಟೇ. ಯೂನಿಕ್ ಲೆಕ್ಕದಲ್ಲಿ ಹೋದರೆ 2008ರಲ್ಲಿ 60 ಕೋಟಿ ಇದ್ದದ್ದು 2013ಕ್ಕೆ 45 ಕೋಟಿ, 2021ರಲ್ಲಿ 44.5 ಕೋಟಿ.

ಇವು ಯಾವುದೂ ತಲೆ ಎಣಿಸಿದ ಲೆಕ್ಕವಲ್ಲ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಮಾಡಿದ ಅಂದಾಜು. ಭಾರತದಲ್ಲಿ ಬಾರ್ಕ್ ಮೀಟರ್ ಇರೋದು 50 ಸಾವಿರ ಚಿಲ್ಲರೆ ಮನೆಗಳಲ್ಲಿ. 2020ರಲ್ಲಿ ಟಿಆರ್‌ಪಿ ಹಗರಣದ ಆರೋಪ ಬಂದು ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಕುಂದು ಎಷ್ಟೇ ಇರಲಿ, ಅದು ಹೊರಗಿನವರ ಅಳತೆ. ಆಪ್ ಬಂದ ಮೇಲೆ ಅಳೆಯೋದೂ ಕಂಪನಿಯೇ, ಹೇಳೋದೂ ಕಂಪನಿಯೇ.

ಅಮೆರಿಕದ ತಿರುವು

ಲಿಬರ್ಟಿ ಆಟದ ದಿಕ್ಕು ಬದಲಿಸಿತು. 2018ರಲ್ಲಿ ಎಫ್1 ಟಿವಿ ಅನ್ನುವ ಸ್ವಂತ ಆಪ್, 2019ರಲ್ಲಿ ನೆಟ್‌ಫ್ಲಿಕ್ಸ್‌ನ 'ಡ್ರೈವ್ ಟು ಸರ್ವೈವ್'. ಎಕ್ಲೆಸ್ಟನ್ ಬೇಡ ಅಂದಿದ್ದ ಹುಡುಗ ಹುಡುಗಿಯರೇ ಗ್ರಾಹಕರಾದರು. ಅಮೆರಿಕದಲ್ಲಿ ಇಎಸ್‌ಪಿಎನ್ 2018ರಲ್ಲಿ ಶುರು ಮಾಡಿದಾಗ ರೇಸಿಗೆ ಸರಾಸರಿ ಸುಮಾರು 5.5 ಲಕ್ಷ ಜನ ನೋಡುತ್ತಿದ್ದರು. 2022ಕ್ಕೆ ಅದು 12 ಲಕ್ಷ. 2026ರಿಂದ ಅಲ್ಲಿನ ಹಕ್ಕು ಆಪಲ್‌ಗೆ. ಅಂದ್ರೆ ಉಚಿತವಾಗಿ ಕತೆ ಕಟ್ಟಿ ಬೆಳೆಸಿದ ಆಸಕ್ತಿಯಲ್ಲ ಇದು, ಒಂದು ಚಂದಾ ಕಟ್ಟಿದವರನ್ನು ಇನ್ನೊಂದು ಚಂದಾಕ್ಕೆ ದಾಟಿಸಿದ್ದು.

ನಮ್ಮಲ್ಲಿ ಏನಾಯಿತು?

2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2008ರಲ್ಲಿ ಫೋರ್ಸ್ ಇಂಡಿಯಾ, 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ. ಮೂರೂ ಸಲ ಗೆದ್ದದ್ದು ವೆಟ್ಟೆಲ್. ಇದು ಕ್ರೀಡೆಯಲ್ಲ, ಮನರಂಜನೆ ಅಂತ ಉತ್ತರ ಪ್ರದೇಶ ಸರ್ಕಾರ ತೆರಿಗೆ ಹಾಕಿತು, ರೇಸ್ ಮರಳಲಿಲ್ಲ. ರೇಸ್ ನಡೆಸುವ ಹಕ್ಕಿಗೆ ಜೇಪೀ ಕಂಪನಿ 4 ಕೋಟಿ ಡಾಲರ್ ಕೊಟ್ಟಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್, ಆ ದಿನಗಳಲ್ಲಿ ಟ್ರ್ಯಾಕಿನ ನಿಜವಾದ ಹಿಡಿತ ವಿದೇಶಿ ಕಂಪನಿಯದೇ ಆಗಿತ್ತು, ಹಾಗಾಗಿ ಅದು ಇಲ್ಲಿ ತೆರಿಗೆ ಕಟ್ಟಬೇಕು ಅಂದಿತು. ನೆಲ ನಮ್ಮದು, ಟ್ರ್ಯಾಕು ನಮ್ಮವರು ಕಟ್ಟಿದ್ದು, ಚಿತ್ರ ಮಾತ್ರ ಅವರದು.

ಟಿವಿಯಲ್ಲಿ 2022ರವರೆಗೆ ಸ್ಟಾರ್ ಸ್ಪೋರ್ಟ್ಸ್ ಇತ್ತು. 2023ರಲ್ಲಿ ಯಾವ ಟಿವಿ ಚಾನೆಲ್ಲಿನಲ್ಲೂ ಇಲ್ಲ, ಎಫ್1 ಆಪ್ ಒಂದೇ ಗತಿ. 2024ರಿಂದ ಫ್ಯಾನ್‌ಕೋಡ್ ಆಪ್. ಹಾಸ್ಟೆಲಿನ ಟಿವಿ ರೂಮಿನಲ್ಲಿ ರಿಮೋಟಿಗೆ ಜಗಳ ಆಡಿ, ಐಪಿಎಲ್ ಹುಡುಗರಿಗೂ ಬಲವಂತವಾಗಿ ರೇಸ್ ತೋರಿಸಿ, ಅವರಲ್ಲಿ ಇಬ್ಬರು ಅಭಿಮಾನಿಗಳಾದದ್ದು ನನಗೆ ಗೊತ್ತು. ಆಪ್‌ನಲ್ಲಿ ಅಂಥ ಆಕಸ್ಮಿಕ ಇಲ್ಲ. ಮೊದಲೇ ಗೊತ್ತಿದ್ದವರು, ಕಾಸು ಕೊಡುವವರು ಮಾತ್ರ ಒಳಗೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ನಮ್ಮೂರಲ್ಲಿ ಎಷ್ಟು ಜನ ಅದನ್ನು ಲೈವ್ ನೋಡಿದಿರಿ?

1995ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಪ್ರಕರಣವೊಂದರಲ್ಲಿ ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. 2007ರ ಕಾನೂನು, ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು ಅಂದಿತು. ಎಫ್1 ನಮಗೆ ರಾಷ್ಟ್ರೀಯ ಮಹತ್ವದ್ದಲ್ಲ, ಆ ಪಟ್ಟಿಗೆ ಸೇರಿಸಿ ಅಂತ ನಾನೂ ಕೇಳಲ್ಲ. ಆದರೆ ಎಲ್ಲವೂ ಆಪ್‌ಗೆ ಹೋಗುವ ಕಾಲದಲ್ಲಿ ಆ ತೀರ್ಪಿನ ಅರ್ಥ ಏನು ಅನ್ನೋ ಪ್ರಶ್ನೆ, ನಾಳೆ ನಿಮ್ಮ ಇಷ್ಟದ ಆಟಕ್ಕೂ ಬರುತ್ತೆ.

ಅಲ್ಲಿಯವರೆಗೆ, ಯಾವುದೇ ಕ್ರೀಡೆಯ 'ದಾಖಲೆ ವೀಕ್ಷಣೆ' ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಒಟ್ಟೋ, ಸರಾಸರಿಯೋ? ಎಷ್ಟು ನಿಮಿಷ ನೋಡಿದರೆ ಒಬ್ಬ ವೀಕ್ಷಕ? ಎಣಿಸಿದ್ದು ಮಾರುವವರಾ, ಬೇರೆಯವರಾ? ನೋಡುವಾಗ ನಾಲ್ಕನೆಯದು: ಕ್ಯಾಮೆರಾ ಈಗ ಯಾರನ್ನು ತೋರಿಸ್ತಾ ಇಲ್ಲ?