ಕನ್ನಡದಲ್ಲಿ ಕೃತಿವಿಮರ್ಶೆ

ಒಂದು ಕವಿತೆಯನ್ನೋ ಕಾದಂಬರಿಯನ್ನೋ ಎದುರಿಗಿಟ್ಟುಕೊಂಡು, ಅದರೊಳಗಿನ ಮಾತುಗಳನ್ನೇ ಸಾಕ್ಷಿಯಾಗಿ ಕರೆದು, ಅದರ ಗೆಲುವು ಸೋಲುಗಳನ್ನು ತೀರ್ಮಾನಿಸುವ ಬರವಣಿಗೆ ಕೃತಿವಿಮರ್ಶೆ. ಕನ್ನಡ ವಿಮರ್ಶೆಯ ಚರಿತ್ರೆಯನ್ನು ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂಬ ಪಂಥಗಳ ಚರಿತ್ರೆಯಾಗಿ ಹೇಳುವುದು ರೂಢಿ. ಹಾಗೆ ಹೇಳುವಾಗ ಯಾರು ಯಾವ ಕೃತಿಯನ್ನು ಹೇಗೆ ಓದಿದರು ಎಂಬ ವಿಷಯ ಹಿಂದೆ ಸರಿಯುತ್ತದೆ.

ಕೃತಿವಿಮರ್ಶೆ ಇಂಗ್ಲಿಷಿನೊಂದಿಗೆ ಬಂದ ಪದ್ಧತಿ ಎಂಬ ಮಾತು ಪೂರ್ತಿ ನಿಜವಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಆಧರಿಸಿದ್ದರೂ, ದೋಷವಿರುವ ಪದ್ಯವನ್ನು ಕೊಟ್ಟು, ಅದನ್ನೇ ತಿದ್ದಿ ತೋರಿಸುತ್ತದೆ. ನಾಗವರ್ಮನ ‘ಕಾವ್ಯಾವಲೋಕನ’ ಈ ಶಾಸ್ತ್ರವನ್ನು ಇನ್ನಷ್ಟು ವ್ಯವಸ್ಥೆಗೊಳಿಸಿತು. ಆದರೆ ಇವೆರಡೂ ಬಿಡಿ ಪದ್ಯದ ಗುಣದೋಷ ನೋಡಿದುವೇ ಹೊರತು ಇಡೀ ಕಾವ್ಯವನ್ನಲ್ಲ.

ಆ ಕೆಲಸ ಶುರುವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1907ರಲ್ಲಿ ಮೊದಲ ಸಂಪುಟ ಕಂಡ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ನೆಲ ಹದ ಮಾಡಿತು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ವಿಮರ್ಶೆಗೆ ಜಾಗ ಕೊಟ್ಟಿತು. ಮಾಸ್ತಿಯವರ ‘ವಿಮರ್ಶೆ’ ಸಂಪುಟಗಳು, ಎಸ್.ವಿ. ರಂಗಣ್ಣನವರ ‘ಶೈಲಿ’, ಕುವೆಂಪು ಅವರ ‘ತಪೋನಂದನ’, 1953ರ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಆ ಕಾಲದ ಗಟ್ಟಿ ಗಳಿಕೆ. ಸಹೃದಯತೆಯೇ ಆ ತಲೆಮಾರಿನ ಶಕ್ತಿ; ಸಮಕಾಲೀನರ ವಿಷಯದಲ್ಲಿ ಅದೇ ದಾಕ್ಷಿಣ್ಯವೂ ಆಯಿತು. ಹಿರಿಯರ ಮುನ್ನುಡಿಯೇ ಎಷ್ಟೋ ಸಲ ವಿಮರ್ಶೆಯ ಸ್ಥಾನದಲ್ಲಿ ಕೂತಿತು.

ದಾಕ್ಷಿಣ್ಯವನ್ನು ಮುರಿದವರು ನವ್ಯರು. ಕೀರ್ತಿನಾಥ ಕುರ್ತಕೋಟಿಯವರು ಧಾರವಾಡದ ಮನೋಹರ ಗ್ರಂಥಮಾಲೆಗಾಗಿ ಬರೆದ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಹೊಸಗನ್ನಡ ಸಾಹಿತ್ಯವನ್ನು ಒಟ್ಟಾಗಿ ತೂಗಿದ ಮೊದಲ ದಿಟ್ಟ ಪ್ರಯತ್ನಗಳಲ್ಲೊಂದು. ಅದರ ತೀರ್ಪುಗಳನ್ನು ಒಪ್ಪದವರೂ ಅದನ್ನು ಬದಿಗಿಟ್ಟು ಬರೆಯಲಾಗಲಿಲ್ಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯೂ, ಧಾರವಾಡದ ಮೂವರು ಗೆಳೆಯರು 1964ರಲ್ಲಿ ಹುಟ್ಟುಹಾಕಿದ ‘ಸಂಕ್ರಮಣ’ವೂ ವಾಗ್ವಾದಕ್ಕೆ ವೇದಿಕೆಯಾದವು. ಎಂ.ಜಿ. ಕೃಷ್ಣಮೂರ್ತಿಯವರು ಬರೆದದ್ದು ಕಡಿಮೆ. ಒಂದು ಕತೆಯ ವಿನ್ಯಾಸ ಬಿಡಿಸಿ ತೋರಿಸುವುದರಲ್ಲಿ ಅವರನ್ನು ಮೀರಿಸಿದವರೂ ಕಡಿಮೆ. ಅನಂತಮೂರ್ತಿಯವರ ‘ಪ್ರಜ್ಞೆ ಮತ್ತು ಪರಿಸರ’ (1971) ಹೆಸರಿನಲ್ಲೇ ಕೃತಿ ಮತ್ತು ಸಮಾಜ ಎರಡನ್ನೂ ಹಿಡಿದಿತ್ತು.

ನವ್ಯ ವಿಮರ್ಶೆ ಸಮಾಜಕ್ಕೆ ಬೆನ್ನು ತಿರುಗಿಸಿ ಇಂಗ್ಲಿಷ್ ವಿಮರ್ಶಕರಾದ ಲೀವಿಸ್, ಎಲಿಯಟ್ಟರನ್ನು ಉರುಹೊಡೆಯಿತು ಎಂಬ ಆರೋಪ ಈಗ ಪಠ್ಯಪುಸ್ತಕದ ಸತ್ಯವಾಗಿಬಿಟ್ಟಿದೆ. ಇಂಗ್ಲಿಷ್ ಅಧ್ಯಾಪಕರು ಆ ಗುಂಪಿನಲ್ಲಿ ಹೆಚ್ಚಾಗಿದ್ದದ್ದು ಹೌದು. ಆದರೆ ಆ ಪಂಥದ ಅತ್ಯಂತ ನಿಷ್ಠುರ ಓದುಗ ಜಿ.ಎಚ್. ನಾಯಕರು ಮೈಸೂರಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ‘ಸಮಕಾಲೀನ’, ‘ನಿಜದನಿ’ಗಳಲ್ಲಿ ಅವರು ಕೃತಿಯ ಸಾಲು ಸಾಲಿಗೂ ಲೆಕ್ಕ ಕೇಳಿದರು, ಸ್ನೇಹಿತರ ಪುಸ್ತಕಗಳಿಗೂ ವಿನಾಯಿತಿ ಕೊಡಲಿಲ್ಲ. ಅದೇ ಪಟ್ಟುಹಿಡಿದ ಓದಿಗೆ ಮುಂದೆ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನೂ ಒಡ್ಡಿದರು. ಕುರ್ತಕೋಟಿಯವರೂ ಪಂಪ, ಕುಮಾರವ್ಯಾಸರತ್ತ ಹೊರಳಿದವರೇ.

ಆ ತಲೆಮಾರಿಗೆ ಕಾಣದೆ ಹೋದದ್ದೂ ಉಂಟು. ಹೆಂಗಸರ ಬರವಣಿಗೆಯನ್ನು ಅದು ಬಹುಪಾಲು ಓದಲೇ ಇಲ್ಲ. ಅನುಪಮಾ ನಿರಂಜನ, ತ್ರಿವೇಣಿಯವರ ಕಾದಂಬರಿಗಳು ಜನಪ್ರಿಯ ಎಂಬ ಒಂದೇ ಕಾರಣಕ್ಕೆ ಹೊರಗುಳಿದವು. ಈ ಲೋಪವನ್ನು ಎತ್ತಿ ತೋರಿಸಿದವರು ವಿಜಯಾ ದಬ್ಬೆ, ಬಿ.ಎನ್. ಸುಮಿತ್ರಾಬಾಯಿ ಮೊದಲಾದವರು, ಎಂ.ಎಸ್. ಆಶಾದೇವಿಯವರು ಆ ಜಾಡನ್ನು ಮುಂದುವರಿಸಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡ ಮೇಲೆ ಜಾತಿ, ವರ್ಗಗಳ ಪ್ರಶ್ನೆ ವಿಮರ್ಶೆಯ ನಡುಮನೆಗೆ ಬಂತು. ಡಿ.ಆರ್. ನಾಗರಾಜರು ‘ಅಮೃತ ಮತ್ತು ಗರುಡ’ದಿಂದ ‘ಸಾಹಿತ್ಯ ಕಥನ’ದವರೆಗೆ ಕೃತಿಯಿಂದ ಸಂಸ್ಕೃತಿಗೆ ದಾಟುವ ದಾರಿ ಮಾಡಿದರು. ಪಠ್ಯದ ಮೇಲೆ ಅವರಿಗಿದ್ದ ಹಿಡಿತ ಗಟ್ಟಿಯಾದದ್ದರಿಂದ ಆ ದಾಟು ಸಾಧ್ಯವಾಯಿತು. ಅವರ ಹಿಂದೆ ಬಂದ ಎಷ್ಟೋ ಸಂಸ್ಕೃತಿ ವಿಮರ್ಶೆಯಲ್ಲಿ ಪಠ್ಯ ನೆಪಮಾತ್ರ.

ಉಳಿದಿರುವ ಬಯಲುಗಳು ದೊಡ್ಡವು. ಅನುವಾದವನ್ನು ಮೂಲದ ಜೊತೆ ಇಟ್ಟು ನೋಡುವ ವಿಮರ್ಶೆ ಅಪರೂಪ. ಮಕ್ಕಳ ಸಾಹಿತ್ಯಕ್ಕೆ ಸಿಗುವುದು ಬೆನ್ನು ತಟ್ಟುವ ಮಾತು ಮಾತ್ರ. ಬಿಡುಗಡೆ ಸಮಾರಂಭದ ಭಾಷಣವೇ ಪತ್ರಿಕೆಯ ವಿಮರ್ಶೆಯಾಗಿ ಅಚ್ಚಾಗುವುದುಂಟು. ವಿವೇಕ ಶಾನಭಾಗರ ‘ದೇಶಕಾಲ’ 2005ರಿಂದ ಏಳು ವರ್ಷ ದೀರ್ಘ ಬರಹಗಳಿಗೆ ಎಡೆ ಕೊಟ್ಟು ನಿಂತಿತು. ಹೊಸ ಕಾದಂಬರಿಯೊಂದು ಎಲ್ಲಿ ಸೋತಿದೆ ಎಂದು ಸಾಲುಗಳನ್ನು ಎತ್ತಿ ತೋರಿಸುವ ಹತ್ತು ಪುಟದ ಲೇಖನವನ್ನು ಅಚ್ಚು ಹಾಕುವ ಪತ್ರಿಕೆಗಳು ಇಂದು ಕನ್ನಡದಲ್ಲಿ ಬೆರಳೆಣಿಕೆಯವು.