ಸೋಲಾರ್ ಕಿಟ್ ಕೊಂಡ ಮೇಲೆ ‘ತಪ್ಪು ಮಾಡಿದೆವೇನೋ’ ಅನ್ನಿಸಿದರೆ: ಗಡಿಭಾಗದ ಗ್ರಾಹಕರಿಗೆ ಮಾಹಿತಿ

ಸೋಲಾಪುರ: ಪೇಟೆಗೆ ಬಂದು ಸೋಲಾರ್ ಕಿಟ್ ಖರೀದಿಸಿ, ಟಂಟಂನಲ್ಲಿ ಹೇರಿಕೊಂಡು ವಿಜಾಪುರ ರಸ್ತೆ ಹಿಡಿದು ಊರು ಸೇರುವವರಿಗೆ ಮೊದಲ ವಾರ ಖುಷಿಯೇ ಖುಷಿ. ಎರಡನೇ ವಾರದಿಂದ ಲೆಕ್ಕ ಶುರುವಾಗುತ್ತದೆ. ಸಂಜೆ ಏಳಕ್ಕೆ ಕರೆಂಟ್ ಹೋದರೆ ಹತ್ತರೊಳಗೆ ಇನ್ವರ್ಟರ್ ಕೂಗತೊಡಗುತ್ತದೆ. ತಿಂಗಳ ಬಿಲ್ಲು ಇಳಿದಿಲ್ಲ. ಇದರ ಮಧ್ಯೆ ಪಕ್ಕದ ಮನೆಯವರು ಸರ್ಕಾರದ ಸಬ್ಸಿಡಿಯಲ್ಲಿ ದೊಡ್ಡ ಪ್ಲೇಟುಗಳನ್ನೇ ಹಾಕಿಸಿದ್ದಾರೆ. ಅಂಗಡಿಯವ ಮೋಸ ಮಾಡಿದನೇ, ಅಥವಾ ನಾವೇ ತಿಳಿಯದೆ ಕೊಂಡೆವೇ ಎಂಬ ಪ್ರಶ್ನೆ ಏಳುವುದು ಆಗಲೇ.

ಬಹಳ ಸಲ ಉತ್ತರ ಎರಡರ ನಡುವೆ ಇರುತ್ತದೆ. ಕಿಟ್ ಕೆಟ್ಟದ್ದಲ್ಲ, ಆದರೆ ನಾವು ಕೊಂಡ ಉದ್ದೇಶ ಒಂದು, ಅದು ಮಾಡುವ ಕೆಲಸ ಇನ್ನೊಂದು. ಕಿಟ್ ವಾಪಸ್ ಒಯ್ಯುವ ಮೊದಲು ಇದನ್ನು ಬಿಡಿಸಿ ನೋಡಬೇಕು. ನೋಡುವುದಕ್ಕೆ ಕಾಲಮಿತಿಯೂ ಇದೆ, ಅದನ್ನು ಮುಂದೆ ಹೇಳಿದ್ದೇವೆ.

ಸೋಲಾರ್ ಎಂದರೆ ಒಂದೇ ವಸ್ತುವಲ್ಲ

ನಮ್ಮ ಭಾಗದಲ್ಲಿ ಬ್ಯಾಟರಿ-ಇನ್ವರ್ಟರ್ ರೂಢಿ ಬಂದದ್ದು ಲೋಡ್ ಶೆಡ್ಡಿಂಗ್ ಕಾಲದಲ್ಲಿ. 2005ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಒಡೆದು ಮಹಾವಿತರಣ ಆಯಿತು. ಹಳ್ಳಿಯ ಜನ ಇಂದಿಗೂ ‘ಎಂ.ಎಸ್.ಇ.ಬಿ.’ ಎಂದೇ ಕರೆಯುತ್ತಾರೆ. ಆ ವರ್ಷಗಳಲ್ಲಿ ಹಳ್ಳಿಗಳಿಗೆ ದಿನದಲ್ಲಿ ಅರ್ಧ ಹೊತ್ತು ಕರೆಂಟ್ ಇರಲಿಲ್ಲ. ಮುಂದೆ ದಕ್ಷಿಣ ಸೋಲಾಪುರ ತಾಲೂಕಿನಲ್ಲೇ ಎನ್‌ಟಿಪಿಸಿಯ 1320 ಮೆಗಾವಾಟ್ ಸ್ಥಾವರ ಬಂತು. ಮೊದಲ ಘಟಕ 2017ರಲ್ಲಿ, ಎರಡನೆಯದು 2019ರಲ್ಲಿ ಶುರುವಾಯಿತು. ಸ್ಥಾವರ ಕಣ್ಣೆದುರಿಗಿದ್ದರೂ ಗಾಳಿ-ಮಳೆಗೆ ತಂತಿ ಹರಿದರೆ, ಟಿ.ಸಿ. ಸುಟ್ಟರೆ ಕತ್ತಲೆ ತಪ್ಪಲಿಲ್ಲ. ಹೀಗಾಗಿ ಬ್ಯಾಕಪ್ ಬೇಕೆಂಬ ಆಸೆ ತಪ್ಪೇನಲ್ಲ.

ಆದರೆ ಇಂದು ಸೋಲಾರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಮಾರಾಟವಾಗುತ್ತಿವೆ. ಒಂದು, ಬ್ಯಾಟರಿ ಇರುವ ಆಫ್-ಗ್ರಿಡ್ ಕಿಟ್. ಕರೆಂಟ್ ಹೋದಾಗ ದೀಪ, ಫ್ಯಾನ್ ನಡೆಸುವುದು ಇದರ ಕೆಲಸ. ಇನ್ನೊಂದು, ಬ್ಯಾಟರಿ ಇಲ್ಲದ ಆನ್-ಗ್ರಿಡ್ ವ್ಯವಸ್ಥೆ. ಹಗಲು ತಯಾರಾದ ವಿದ್ಯುತ್ತನ್ನು ನೆಟ್ ಮೀಟರ್ ಮೂಲಕ ಕಂಪನಿಗೆ ಕೊಟ್ಟು ಬಿಲ್ಲು ಇಳಿಸುವುದು ಇದರ ಕೆಲಸ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ (2024) ಸಬ್ಸಿಡಿ ಇರುವುದು ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆಗೆ: ಮೊದಲ 2 ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟ್‌ಗೆ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು ಹೆಚ್ಚೆಂದರೆ 78,000 ರೂ. ಅಂಗಡಿಯಿಂದ ತಂದ ಬ್ಯಾಟರಿ ಕಿಟ್‌ಗೆ ಇದು ಸಿಗದು. ‘ಆಮೇಲೆ ಸಬ್ಸಿಡಿ ಜಮಾ ಆಗುತ್ತದೆ’ ಎಂದು ಯಾರಾದರೂ ಹೇಳಿ ಬ್ಯಾಟರಿ ಕಿಟ್ ಮಾರಿದ್ದರೆ ಅದು ಸುಳ್ಳು ಭರವಸೆ.

ಹಾಗೆಂದು ಪಕ್ಕದ ಮನೆಯವರನ್ನು ಕಂಡು ಹೊಟ್ಟೆ ಉರಿಸಿಕೊಳ್ಳಬೇಕಿಲ್ಲ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಮನೆಯಲ್ಲಿ ಕರೆಂಟ್ ಹೋದ ಕ್ಷಣ, ಮಧ್ಯಾಹ್ನ ಹನ್ನೆರಡರ ಬಿಸಿಲಿದ್ದರೂ ಸೋಲಾರ್ ಕೂಡ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯಿಂದ ಹರಿದ ವಿದ್ಯುತ್ ಹೊಡೆಯಬಾರದೆಂದು ಇನ್ವರ್ಟರನ್ನೇ ಹಾಗೆ ಮಾಡಿರುತ್ತಾರೆ. ಇದು ದೋಷವಲ್ಲ. ಬ್ಯಾಕಪ್ ಆಸೆಯಿಂದ ಅದನ್ನು ಹಾಕಿಸಿದವರೂ ನಿಮ್ಮಂತೆಯೇ ಪೇಚಾಡುತ್ತಿರಬಹುದು.

ಬಿಲ್ಲು ಏಕೆ ಇಳಿಯಲಿಲ್ಲ?

ಒಂದು ಸಾಮಾನ್ಯ ಕಿಟ್ ತೆಗೆದುಕೊಳ್ಳಿ: 165 ವಾಟ್‌ನ ಒಂದು ಪ್ಲೇಟ್, 12 ವೋಲ್ಟ್ 150 ಎ.ಎಚ್. ಟ್ಯೂಬ್ಯುಲರ್ ಬ್ಯಾಟರಿ, 850 ವಿ.ಎ. ಇನ್ವರ್ಟರ್. ಸೋಲಾಪುರದ ಬಿಸಿಲಿಗೆ ಪ್ಲೇಟಿನ ವಾಟ್ ಅನ್ನು ನಾಲ್ಕರಿಂದ ಗುಣಿಸಿದರೆ ಒಂದು ದಿನದ ಉತ್ಪಾದನೆ ಸರಿಸುಮಾರು ಸಿಗುತ್ತದೆ. ಅಂದರೆ 650 ವಾಟ್-ಅವರ್, ಮುಕ್ಕಾಲು ಯೂನಿಟ್‌ಗೂ ಕಡಿಮೆ. ತಿಂಗಳಿಗೆ ಇಪ್ಪತ್ತು ಯೂನಿಟ್ ದಾಟುವುದಿಲ್ಲ. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಉಳಿತಾಯ 160 ರೂ. ಬ್ಯಾಟರಿಗೆ ಹನ್ನೆರಡು ಸಾವಿರ ಕೊಟ್ಟು, ಅದು ಐದು ವರ್ಷ ಬಾಳಿತು ಎಂದುಕೊಂಡರೆ ಅದರ ಸವಕಳಿಯೇ ತಿಂಗಳಿಗೆ 200 ರೂ. ಹೀಗಿರುವಾಗ ಬಿಲ್ಲು ಇಳಿಸಲು ಈ ಕಿಟ್ ಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ. ಕತ್ತಲೆ ತಪ್ಪಿಸಲು ಕೊಟ್ಟ ಹಣ ಎಂದುಕೊಂಡರೆ ಮಾತು ಬೇರೆ.

ಭೀಮಾ ನದಿಯ ಆಚೆಗೆ ಈ ಲೆಕ್ಕ ಇನ್ನೂ ಬದಲಾಗುತ್ತದೆ. ಟಾಕಳಿ ಸೇತುವೆ ದಾಟಿದರೆ ಹೆಸ್ಕಾಂ. ಅಕ್ಕಲಕೋಟದಿಂದ ಆಳಂದ, ಅಫಜಲಪುರದ ಕಡೆ ಹೋದರೆ ಜೆಸ್ಕಾಂ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ, 200 ಯೂನಿಟ್ ಮೀರದ ಮನೆಗಳಿಗೆ ಬಿಲ್ಲು ಶೂನ್ಯ. ಶೂನ್ಯ ಬಿಲ್ಲಿನಲ್ಲಿ ಸೋಲಾರ್ ಏನನ್ನು ಉಳಿಸೀತು? ಆದ್ದರಿಂದ ಇಂಡಿ, ಚಡಚಣದ ಬೀಗರು ‘ಇದರಿಂದ ಫಾಯದೆ ಇಲ್ಲ’ ಎಂದರೆ ಅದು ಅವರ ಮನೆಗೆ ನಿಜ. ಮಹಾವಿತರಣಕ್ಕೆ ಪ್ರತಿ ತಿಂಗಳು ಹಣ ಕಟ್ಟುವ ಮಂದ್ರೂಪ, ಕರಜಗಿ, ನಾಗಣಸೂರಿನ ಮನೆಯವರು ಬೇರೆ ಲೆಕ್ಕ ಹಾಕಬೇಕು. ಬಿಲ್ಲು ಇಳಿಸುವುದೇ ಗುರಿಯಾದರೆ ಅವರಿಗೆ ಆನ್-ಗ್ರಿಡ್ ಹೊಂದುತ್ತದೆ. ಅದಕ್ಕೆ ಪ್ರತಿ ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಗಟ್ಟಿ ಮಾಳಿಗೆ ಬೇಕು.

ಬ್ಯಾಕಪ್ ಏಕೆ ಸಾಲುತ್ತಿಲ್ಲ?

ಹೆಚ್ಚಿನ ತಕರಾರು ಇಲ್ಲಿಯೇ. ಬ್ಯಾಟರಿಯ ಮೇಲೆ 150 ಎ.ಎಚ್. ಎಂದಿದ್ದರೆ 12ರಿಂದ ಗುಣಿಸಿ 1800 ವಾಟ್-ಅವರ್ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅಷ್ಟನ್ನೂ ಬಳಸುವಂತಿಲ್ಲ. ದಿನವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಇನ್ವರ್ಟರ್ ತಾನೂ ಒಂದು ಪಾಲು ನುಂಗುತ್ತದೆ. ಕೈಗೆ ಸಿಗುವುದು 700 ವಾಟ್-ಅವರ್ ಆಸುಪಾಸು.

ಈಗ ಮನೆಯ ಖರ್ಚು ನೋಡಿ. ಹಳೆಯ ಫ್ಯಾನ್ ಒಂದಕ್ಕೆ 75 ವಾಟ್, ಎರಡಕ್ಕೆ 150. ಒಂಬತ್ತು ವಾಟ್‌ನ ನಾಲ್ಕು ಬಲ್ಬ್ 36. ಟಿ.ವಿ. 60. ಒಟ್ಟು 246 ವಾಟ್. ನಾಲ್ಕು ತಾಸಿಗೆ 984 ಆಗುತ್ತದೆ, ಅಂದರೆ ಸಿಗುವ 700ಕ್ಕಿಂತ ಹೆಚ್ಚು. ಮರುದಿನ ಪ್ಲೇಟ್ ಒಂದರಿಂದಲೇ ತುಂಬಬೇಕೆಂದರೆ ಚಾರ್ಜಿಂಗ್ ನಷ್ಟ ಕಳೆದು ಒಳಗೆ ಸೇರುವುದು 530ರಷ್ಟು. ಪ್ರತಿ ಸಂಜೆ ಬ್ಯಾಟರಿ ಹಿಂದಿನ ದಿನಕ್ಕಿಂತ ಕಡಿಮೆ ತುಂಬಿರುತ್ತದೆ. ನಾಲ್ಕನೇ ದಿನ ‘ಬ್ಯಾಟರಿ ಡುಪ್ಲಿಕೇಟ್’ ಎಂಬ ಅನುಮಾನ ಬರುತ್ತದೆ. ಬ್ಯಾಟರಿ ಅಸಲಿಯೇ ಇರಬಹುದು, ಪ್ಲೇಟ್ ಸಣ್ಣದು ಅಷ್ಟೇ.

ಇದಕ್ಕೆ ಪರಿಹಾರವಿದೆ. ಫ್ಯಾನ್‌ಗಳನ್ನು 30 ವಾಟ್‌ನ ಬಿ.ಎಲ್.ಡಿ.ಸಿ.ಗೆ ಬದಲಿಸಿದರೆ ಒಟ್ಟು ಲೋಡ್ 246ರಿಂದ 156ಕ್ಕೆ ಇಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇನ್ನೊಂದು ಬ್ಯಾಟರಿ ಕೊಳ್ಳುವ ಮೊದಲು ಮಾಡಬೇಕಾದ ಖರ್ಚು ಇದೇ. ಎರಡನೆಯ ದಾರಿ ಇನ್ನೊಂದು ಪ್ಲೇಟ್. ಆದರೆ ಚಾರ್ಜ್ ಕಂಟ್ರೋಲರ್ ಎಷ್ಟು ಆಂಪಿಯರ್‌ದು ನೋಡಿಕೊಳ್ಳಿ. ಇಂಥ ಪ್ಲೇಟ್ ಒಂದು 9 ಆಂಪಿಯರ್‌ನಷ್ಟು ಕೊಡುತ್ತದೆ, ಎರಡು ಸೇರಿ 18. ಹತ್ತು ಆಂಪಿಯರ್‌ನ ಕಂಟ್ರೋಲರ್‌ಗೆ ಅದನ್ನು ಜೋಡಿಸಿದರೆ ಸುಡುತ್ತದೆ.

ಮಿಕ್ಸರ್, ಇಸ್ತ್ರಿ, ನೀರಿನ ಮೋಟಾರ್ ಇದರ ಮೇಲೆ ಬೇಡವೇ ಬೇಡ. ಅರ್ಧ ಎಚ್.ಪಿ. ಮೋಟಾರ್ ಕೂಡ ಶುರುವಾಗುವಾಗ ತನ್ನ ವಾಟ್‌ನ ಹಲವು ಪಟ್ಟು ಎಳೆಯುತ್ತದೆ. ಫ್ಯಾನ್ ಗುಂಯ್‌ಗುಡುತ್ತಿದ್ದರೆ ಇನ್ವರ್ಟರ್ ಸೈನ್ ವೇವ್ ಅಲ್ಲ, ಸ್ಕ್ವೇರ್ ವೇವ್ ಎಂದು ತಿಳಿಯಿರಿ. ಬಿಲ್ಲಿನಲ್ಲಿ ಸೈನ್ ವೇವ್ ಎಂದು ಬರೆದಿದ್ದರೆ ಅದು ವಾಪಸಾತಿಗೆ ನೇರ ಕಾರಣ.

ಮೂರು ದಿನದ ಪರೀಕ್ಷೆ

ದೋಷ ಎಲ್ಲಿದೆ ಎಂದು ಜಗಳಕ್ಕೆ ಮೊದಲು ನೀವೇ ನೋಡಬಹುದು. ಒಂದು ಮಲ್ಟಿಮೀಟರ್ ಮತ್ತು ಒಂದು ನೋಟ್‌ಬುಕ್ ಸಾಕು. ಬ್ಯಾಟರಿ ಪೂರ್ತಿ ತುಂಬಿಸಿ, ಕೆಲವು ತಾಸು ಲೋಡ್ ಇಲ್ಲದೆ ಬಿಟ್ಟು ಅಳೆದರೆ 12.7 ವೋಲ್ಟ್ ಸುತ್ತ ತೋರಿಸಬೇಕು. 12.2 ಬಂದರೆ ಅರ್ಧ ಖಾಲಿ. ಆಮೇಲೆ ಗೊತ್ತಿರುವ ಲೋಡ್ ಹಾಕಿ, ಕೂಗುವವರೆಗಿನ ಸಮಯ ಬರೆದಿಡಿ. ಮೂರು ದಿನ ಹೀಗೆ ಮಾಡಿ. ಹೊಸ ಬ್ಯಾಟರಿ, ಪೂರ್ತಿ ಚಾರ್ಜ್, ನೂರು ವಾಟ್ ಲೋಡ್ ಇದ್ದೂ ಎರಡು ತಾಸಿಗೆ ಕೈಕೊಟ್ಟರೆ ಅಲ್ಲಿ ದೋಷವಿದೆ. ಆ ನೋಟ್‌ಬುಕ್ಕೇ ನಿಮ್ಮ ಸಾಕ್ಷಿ.

ಬ್ಯಾಟರಿಯ ಮೇಲೆ ಸಿ10 ಅಥವಾ ಸಿ20 ಎಂದು ಬರೆದಿರುತ್ತದೆ. ಸೋಲಾರ್‌ಗೆಂದು ತಯಾರಾದದ್ದು ಸಿ10. ಮಾಮೂಲಿ ಇನ್ವರ್ಟರ್‌ದು ಸಿ20. ಒಂದೇ 150 ಎ.ಎಚ್. ಎಂದು ಬರೆದಿದ್ದರೂ ಸಿ10ದು ನಿಜವಾಗಿ ಹೆಚ್ಚು ಕೊಡುತ್ತದೆ. ಸೋಲಾರ್ ಬ್ಯಾಟರಿ ಎಂದು ಬಿಲ್ ಮಾಡಿ ಸಿ20 ಕೊಟ್ಟಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ಲೇಟ್ ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶದಂತೆ 17-18 ಡಿಗ್ರಿ ಓರೆಯಾಗಿರಬೇಕು. ಬೇವಿನ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಲೇಟಿನ ಉತ್ಪಾದನೆ ಕುಸಿಯುತ್ತದೆ. ವೈರ್ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮಾಳಿಗೆಯಿಂದ ಬ್ಯಾಟರಿಗೆ 15 ಮೀಟರ್ ದೂರವಿದ್ದು 2.5 ಎಂ.ಎಂ. ವೈರ್ ಎಳೆದಿದ್ದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬೇಸಿಗೆಯ ಕಾವಿಗೆ ಪ್ಲೇಟಿನ ವೋಲ್ಟೇಜ್ ತಾನೇ ಇಳಿದಿರುವುದರಿಂದ ಏಪ್ರಿಲ್-ಮೇ ತಿಂಗಳಲ್ಲಿ ಇದರ ಪೆಟ್ಟು ಜೋರು. ವೈರ್ 6 ಎಂ.ಎಂ. ಮಾಡಿಸಿದರೆ ನಷ್ಟ ಒಂದು ವೋಲ್ಟ್ ಒಳಗೆ ಬರುತ್ತದೆ.

ಮಣ್ಣಿನ ಮಾಳಿಗೆಯವರು ಸ್ಟ್ಯಾಂಡ್ ಕೂರಿಸಲು ತೂತು ಹೊಡೆಸಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ಪತ್ರಾ ಮನೆಯವರು ಪ್ಲೇಟನ್ನು ಪತ್ರಾಕ್ಕಲ್ಲ, ಕೆಳಗಿನ ಕಬ್ಬಿಣದ ಆ್ಯಂಗಲ್‌ಗೆ ಬಿಗಿಸಬೇಕು. ಅಡ್ಡಮಳೆಯ ಗಾಳಿಗೆ ಪ್ಲೇಟ್ ಹಾರಿದರೆ ವಾರಂಟಿಯಲ್ಲಿ ಬರುವುದಿಲ್ಲ. ಬ್ಯಾಟರಿಯನ್ನು ಪತ್ರಾದಡಿಯ ಕಾವಿನಲ್ಲಿ ಇಡದೆ, ಗಾಳಿ ಆಡುವ ತಣ್ಣನೆಯ ಮೂಲೆಯಲ್ಲಿಡಿ. ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಜ್ಞರ ಅಂದಾಜು.

ವಾಪಸ್ ಕೊಡಬಹುದೇ?

ಅಂಗಡಿಗೆ ಹೋಗಿ ಕೊಂಡ ವಸ್ತುವನ್ನು ಮನಸ್ಸು ಬದಲಾಯಿತೆಂದು ಮರಳಿಸುವ ಹಕ್ಕು ಕಾನೂನಿನಲ್ಲಿ ಇಲ್ಲ. ಅಂಗಡಿಯವರು ಒಪ್ಪಿದರೆ ಅದು ಅವರ ದೊಡ್ಡತನ. ದೋಷವಿದ್ದರೆ ಮಾತ್ರ ಬೇರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಪರೀಕ್ಷೆಯನ್ನು ಮೊದಲ ತಿಂಗಳಲ್ಲೇ ಮುಗಿಸಿ, ದೂರನ್ನು ಬರೆದು ಕೊಡಿ, ವಾಟ್ಸ್‌ಆ್ಯಪ್‌ನಲ್ಲಾದರೂ ಕಳುಹಿಸಿ.

ಜಿಎಸ್‌ಟಿ ಉಳಿಸುವ ಆಸೆಗೆ ಕಚ್ಚಾ ಚೀಟಿ ತಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ತೆರಿಗೆ ಶೇ. 12ರಿಂದ 5ಕ್ಕೆ, ಬ್ಯಾಟರಿಯದು ಶೇ. 28ರಿಂದ 18ಕ್ಕೆ ಇಳಿದಿದೆ. ಪಕ್ಕಾ ಬಿಲ್ ಬಿಡಲು ಈಗ ಅಷ್ಟು ಕಾರಣವೂ ಉಳಿದಿಲ್ಲ. ಬ್ಯಾಟರಿ, ಇನ್ವರ್ಟರ್, ಪ್ಲೇಟ್ ಮೂರರ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಬೇಕು. ‘25 ವರ್ಷ ಗ್ಯಾರಂಟಿ’ ಎಂಬ ಮಾತು ಪ್ಲೇಟಿಗೆ ಮಾತ್ರ ಸೇರಿದ್ದು. ಬ್ಯಾಟರಿ, ಇನ್ವರ್ಟರ್‌ಗಳ ವಾರಂಟಿ ಕಾರ್ಡ್ ಪ್ರತ್ಯೇಕವಾಗಿ ಓದಿ.

ಗಡಿಯವರಿಗೆ ಒಂದು ಅನುಕೂಲವಿದೆ. ಹೊಸ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೋಲಾಪುರದಲ್ಲಿ ಕೊಂಡ ಇಂಡಿಯವರು ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ, ಆಳಂದದವರು ಕಲಬುರಗಿಗೆ ಹೋಗಬಹುದು. ವಿಜಯಪುರದಿಂದ ತಂದ ಅಕ್ಕಲಕೋಟದವರಿಗೆ ಸೋಲಾಪುರ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ.

ದೂರು ಹತ್ತಿರದಲ್ಲೇ ಕೊಡಬಹುದು ಎಂದರೆ ರಿಪೇರಿಯವನೂ ಹತ್ತಿರ ಬರುತ್ತಾನೆ ಎಂದಲ್ಲ. ಬೆಂಗಳೂರಿನ ಸೆಲ್ಕೊ ಸಂಸ್ಥೆ 1995ರಿಂದ ಕರ್ನಾಟಕದ ಹಳ್ಳಿಗಳಲ್ಲಿ ಸೋಲಾರ್ ದೀಪ ಮಾರಿತು. ಅದರ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಅವರು ಮನೆಯ ಅಗತ್ಯ ಕೇಳಿ ಅಳತೆ ಹಾಕುತ್ತಿದ್ದರು, ಬ್ಯಾಂಕ್ ಸಾಲದ ಕಂತು ಹೊಂದಿಸುತ್ತಿದ್ದರು, ಹತ್ತಿರದಲ್ಲೇ ಸರ್ವಿಸ್ ಸೆಂಟರ್ ಇಡುತ್ತಿದ್ದರು. ನಿಮ್ಮ ಅಂಗಡಿಯವನನ್ನೂ ಕೇಳಿ: ಕೆಟ್ಟರೆ ನಮ್ಮ ಊರಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ, ಬರುವ ಖರ್ಚು ಯಾರದು? ರಾಜ್ಯ ದಾಟಿ ಬರುವುದಿಲ್ಲ ಎಂದರೆ ಬ್ಯಾಟರಿಯನ್ನು ಮತ್ತೆ ಟಂಟಂನಲ್ಲಿ ಹೇರಬೇಕಾದವರು ನೀವೇ.

ದೋಷವಿಲ್ಲ, ಆದರೂ ಬೇಡ ಎಂದಾದರೆ ಪ್ಲೇಟನ್ನು ಮಾರಬೇಡಿ. ಅದು ಬ್ಯಾಟರಿಗಿಂತ ಬಹಳ ವರ್ಷ ಬಾಳುತ್ತದೆ, ಮುಂದೆ ಲಿಥಿಯಂ ಬ್ಯಾಟರಿ ಕೊಂಡಾಗಲೂ ಉಪಯೋಗಕ್ಕೆ ಬರುತ್ತದೆ. ಕಂಟ್ರೋಲರ್ ಮಾತ್ರ ಲಿಥಿಯಂಗೆ ಹೊಂದುವುದಿರಬೇಕು. ಸೀಸದ ಬ್ಯಾಟರಿಯನ್ನು ಬಳಸದೆ ಮೂಲೆಯಲ್ಲಿಟ್ಟರೆ ತಿಂಗಳುಗಳಲ್ಲಿ ಹಾಳಾಗುತ್ತದೆ. ಚಾರ್ಜ್ ಮಾಡುತ್ತ, ಡಿಸ್ಟಿಲ್ಡ್ ವಾಟರ್ ಹಾಕುತ್ತ ಇರಿ (ಬೋರಿನ ನೀರು ಬೇಡ), ಅಥವಾ ಬೇಗ ಮಾರಿಬಿಡಿ. ಪೂರ್ತಿ ಸತ್ತ ಮೇಲೂ ಸೀಸಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆಯಿದೆ. ಹೊಸದು ಕೊಳ್ಳುವಾಗ ಹಳೆಯದರ ಬೆಲೆಯನ್ನು ಬಿಲ್ಲಿನಲ್ಲೇ ಕಡಿತ ಮಾಡಿಸಿಕೊಳ್ಳಿ.